ನೀರುಗಂಟಿಯ ಉಸಿರು

ನಾಲ್ಕು ದಿನ ನೀರು ಬಿಡದ ನಲ್ಲಿ ನೋಡಿದ್ದೀರಲ್ಲ,
ತಿರುಗಿಸಿದರೆ ಮೊದಲು ಏನೂ ಇಲ್ಲ.
ಆಮೇಲೆ ಕೊಳವೆಯೊಳಗೆಲ್ಲೋ ಯಾರೋ ಒದ್ದಂತೆ
ಗೊರ್ರ್ ಎಂದು ಗಾಳಿ, ಕೆಂಪು ರಾಡಿ, ಮತ್ತೆ ಗಾಳಿ,
ಕೊನೆಗೆ ನೀರು.
ನನ್ನ ಗಂಡ ಮಲಗುತ್ತಿದ್ದದ್ದು ಹಾಗೆ.

ಗೊರಕೆಗೆ ನಾನು ಹೆದರಿದವಳಲ್ಲ.
ನಿಟ್ಟುವಳ್ಳಿಯ ನಮ್ಮ ಸಾಲುಮನೆಯಲ್ಲಿ
ಗೋಡೆಯಾಚೆಯವರೂ ಅದಕ್ಕೆ ಒಗ್ಗಿದ್ದರು.
ಹೆದರಿದ್ದು ಗೊರಕೆ ನಿಂತಾಗ.
ಎದೆ ಏಳುತ್ತದೆ, ಗಾಳಿ ಒಳಗೆ ಹೋಗದು.
ಬೆರಳು ಮಡಚುತ್ತ ಎಣಿಸುತ್ತಿದ್ದೆ.
ಇಪ್ಪತ್ತು. ಇಪ್ಪತ್ತಾರು. ಒಮ್ಮೆ ನಲವತ್ತೊಂದು.
ಆ ನಲವತ್ತೊಂದು ಮುಗಿಯುವುದರೊಳಗೆ ನಾನು
ಮೈದುನನಿಗೆ ಫೋನು ಮಾಡಿ, ನೆಂಟರನ್ನು ಕರೆಸಿ,
ಪಿಂಚಣಿ ಅರ್ಜಿಗೆ ಹೆಬ್ಬೆಟ್ಟೂ ಒತ್ತಿ ಬಂದಿದ್ದೆ.
ಅವರು ಗಕ್ಕನೆ ಉಸಿರೆಳೆದು ಮಗ್ಗುಲಾದರು,
ಏನೂ ಆಗದವರಂತೆ.

ಉಚ್ಚೆಂಗೆಪ್ಪ ಎಂದರೆ ಪಾಲಿಕೆಯಲ್ಲಿ ಎಲ್ಲರಿಗೂ ಗೊತ್ತು:
ಬುಕ್ಕಿಲ್ಲ, ನಕ್ಷೆಯಿಲ್ಲ, ಮುನ್ನೂರು ವಾಲ್ವೂ ತಲೆಯಲ್ಲಿ.
ಯಾವ ಓಣಿಗೆ ಯಾವ ವಾರ, ಯಾವ ಗುಂಡಿಯಲ್ಲಿ ಹಾವು,
ಎಲ್ಲಿ ಎಡಕ್ಕೆ ಆರು ಸುತ್ತು, ಎಲ್ಲಿ ಹದಿನಾಲ್ಕೂವರೆ.
ಅಂಥವರು ಒಂದು ನಸುಕಿನಲ್ಲಿ
ವಿನೋಬನಗರದ ಮೂಲೆಯಲ್ಲಿ ಕೀಲಿ ಹಿಡಿದು ನಿಂತೇಬಿಟ್ಟರಂತೆ,
ತಿರುಗಿಸಬೇಕೋ, ತಿರುಗಿಸಿ ಆಯಿತೋ ತಿಳಿಯದೆ.
ಇನ್ನೊಂದು ದಿನ ಮುಚ್ಚಲು ಮರೆತರು.
ಕುಂದವಾಡ ಕೆರೆಯ ನೀರು
ಬೆಳಕು ಹರಿಯುವ ತನಕ ಚರಂಡಿಗೆ ಹರಿಯಿತು.
ನನ್ನನ್ನು ಕೊಟ್ರಮ್ಮ ಅನ್ನುವ ಬದಲು
ಸತ್ತ ಅಕ್ಕನ ಹೆಸರು ಹಿಡಿದು ಕರೆದರು.

ಐವತ್ತೈದಕ್ಕೇ ಅರಳುಮರುಳು, ಅಂದಿತು ಓಣಿ.
ಒಬ್ಬಳು ನಿಂಬೆಹಣ್ಣು ನಿವಾಳಿಸಿ ಹೋದಳು.
ಇನ್ನೊಬ್ಬ ಬಾದಾಮಿ ತಿನ್ನಿಸಿ ಅಂದ.
ಬಾದಾಮಿ! ಕಿಲೋ ಎಷ್ಟು, ಕೇಳಿದ್ದಾನಾ?

ಆಸ್ಪತ್ರೆಯ ಹುಡುಗಿ ಡಾಕ್ಟರು
ಅವರನ್ನು ಬಿಟ್ಟು ನನ್ನನ್ನು ಕೇಳಿದಳು:
“ರಾತ್ರಿ ಹೆಂಗೆ ಮಲಗ್ತಾರಮ್ಮ?”
ಹನ್ನೊಂದು ವರ್ಷದ ಎಣಿಕೆಯನ್ನು
ಅವಳ ಟೇಬಲ್ಲಿನ ಮೇಲೆ ಸುರಿದುಬಿಟ್ಟೆ.

ತಲೆಗೆ, ಎದೆಗೆ, ಬೆರಳಿಗೆ ತಂತಿ ಅಂಟಿಸಿ
ಒಂದು ರಾತ್ರಿ ಅಲ್ಲೇ ಮಲಗಿಸಿದರು.
ಗಂಟೆಗೆ ಐವತ್ತೆರಡು ಸಲ, ಅಂದಿತು ಕಾಗದ.
ನನ್ನ ಲೆಕ್ಕ ಅದರ ಹತ್ತಿರವೇ ಇತ್ತು.
“ದಿನದ ಸಾಮಾನನ್ನ ಮೆದುಳು ಎತ್ತಿಡೋದು ನಿದ್ದೇಲಿ.
ಇವರಿಗೆ ನಿಮಿಷಕ್ಕೊಮ್ಮೆ ಯಾರೋ ಬಾಗಿಲು ಬಡಿದ ಹಂಗೆ.
ಇನ್ನು ಎತ್ತಿಡೋದು ಯಾವಾಗ?”
ಮರೆವು ಹೋಗುತ್ತಾ, ಅಂದೆ.
“ಒಂದಿಷ್ಟು ಹೋಗಬಹುದು. ಎಲ್ಲಾ ಅನ್ನಲಾರೆ.”
ಆ ‘ಬಹುದು’ವನ್ನೇ ಸೆರಗಿಗೆ ಗಂಟು ಹಾಕಿಕೊಂಡು
ಸಂಘದಲ್ಲಿ ಸಾಲ ಎತ್ತಿ ಯಂತ್ರ ತಂದೆವು.

ಮೊದಲ ವಾರ ಮಾಸ್ಕು ಕಿತ್ತೆಸೆದರು.
ಮೊಮ್ಮಗ ಆನೆ, ಆನೆ ಎಂದು ಹಚ್ಚಡದೊಳಗೆ ಅಡಗಿದ.
ಮೀಸೆಯ ಸಂದಿನಲ್ಲಿ ಗಾಳಿ ಸೋರುತ್ತದೆ ಅಂದರು.
ಸೋರುವುದೆಂದರೆ ಅವರಿಗೆ ಹುಟ್ಟಾ ಆಗದು.
ಮೂವತ್ತು ವರ್ಷದ ಮೀಸೆಯನ್ನು ತಾವೇ ಬೋಳಿಸಿ ಬಂದರು.

ಮೂರನೇ ತಿಂಗಳಿಗೆ ಒಂದೊಂದೇ ಬಂತು,
ಸಾಲು ತಪ್ಪಿ, ರಾಡಿ ಸಮೇತ.
ಹಾವಿನ ಗುಂಡಿ ಬಂತು. ನನ್ನ ಹೆಸರು ಬಂತು.
ನನ್ನ ತಮ್ಮ ಇಸ್ಕೊಂಡ ಹನ್ನೆರಡು ಸಾವಿರವೂ ಬಂತು
(ಅದೊಂದು ಮರೆತೇ ಇರಲೆಂದು ದುಗ್ಗಮ್ಮನಿಗೆ ಕಾಯಿ ಒಡೆಸಿದ್ದೆ).
ಕಿರಿಮಗಳ ಮದುವೆಯ ದಿನ ಮಾತ್ರ ಬರಲಿಲ್ಲ.
ಫೋಟೋ ಹಿಡಿದು ಬಹಳ ಹೊತ್ತು ಕೂರುತ್ತಾರೆ.
ಎತ್ತಿಡದೇ ಹೋದದ್ದನ್ನು ಎಲ್ಲಿ ಹುಡುಕುವುದು?

ಈಗ ಯಂತ್ರದ್ದೊಂದು ಸಣ್ಣ ಸುಯ್ಯೆನ್ನುವ ಸದ್ದು, ಅಷ್ಟೆ.
ಅವರು ನಿದ್ದೆ ಮಾಡುತ್ತಾರೆ.
ಕಾವಲು ಕೂತವಳ ಕೆಲಸ ಹೋಗಿದೆ,
ಕಣ್ಣಿಗೆ ಇನ್ನೂ ಯಾರೂ ಹೇಳಿಲ್ಲ.

ನಿನ್ನೆ ರಾತ್ರಿ ಕರೆಂಟು ಹೋಯಿತು.
ಮಾಸ್ಕು ಬಿಚ್ಚಿ ಎದ್ದು ಕೂತರು.
“ಹೇಳ್ಲಾ?” ಅಂದರು. “ಹೇಳ್ರಿ,” ಅಂದೆ.
“ಕೆಟಿಜೆ ನಗರ, ಎಡಕ್ಕೆ ಒಂಬತ್ತು.
ದೇವರಾಜ ಅರಸು ಬಡಾವಣೆ, ಹದಿಮೂರು, ಕೊನೇ ಸುತ್ತು ಬಿಗಿ.
ಅದರ ಆಚೆ, ಬೇವಿನ ಮರದ ಬುಡದ್ದು...
ತಡಿ...”

ಮಾತು ನಿಂತಿತು.
ಕತ್ತಲಲ್ಲಿ ನನ್ನ ಬೆರಳು ತಾವೇ ಮಡಚಿಕೊಂಡವು:
ಒಂದು, ಎರಡು, ಮೂರು